ಹೊಳೆಮತ್ತಿ ಅಂಗಿ ಬಿಚ್ಚಿದ್ದು ಯಾಕೆ

ಮೊದಲು ಒಂದು ಒಗಟು. ಕದ ಇದೆ, ಚಿಲಕ ಇಲ್ಲ. ಅವ್ವ ಇದ್ದಾಳೆ, ಬೈಗುಳ ಇಲ್ಲ. ಮೇಕೆ ಇದೆ, ಹಿಕ್ಕೆ ಇಲ್ಲ. ಮನೆಗೆ ಮನೆಯೇ ನೀರಿನ ಮೇಲೆ ಹೊರಟಿದೆ, ಹುಟ್ಟು ಹಾಕೋರು ಯಾರೂ ಇಲ್ಲ. ಏನದು?

ದೋಣಿ ಅಂದಿರಾ? ಮೇಕೆ ಹತ್ತಿದ ಮೇಲೆ ಹಿಕ್ಕೆ ಬೀಳದ ದೋಣಿ ಎಲ್ಲಾದರೂ ಉಂಟಾ? ಕನಸು ಅಂದಿರಾ? ಅವ್ವಂದಿರು ಕನಸಲ್ಲೂ ಬೈತಾರೆ. ಬಿಡಿ, ನಿಮ್ಮ ಕೈಲಿ ಆಗಲ್ಲ. ನಮ್ಮ ಮೇಷ್ಟ್ರ ಕೈಲೂ ಆಗಲಿಲ್ಲ. ಅವರು ಉತ್ತರ ಹುಡುಕೋದು ಬಿಟ್ಟು ಬೆತ್ತ ಹುಡುಕಿದರು. ಉತ್ತರ ಕಥೆಯೊಳಗೇ ಇದೆ, ಸುಮ್ಮನೆ ಕೇಳಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಒಣಗಿರಲಿಲ್ಲ, ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ಯಾವ ರಾಗದಲ್ಲಿ ಕೂಗಬೇಕು ಅಂತ ಕಪ್ಪೆಗಳು ಇನ್ನೂ ಜಗಳ ಆಡುತ್ತಿದ್ದವು. ಆಗ ಹೊಳೆ ಬೆಳಗ್ಗೆ ಕೆಳಕ್ಕೆ ಹರಿಯುತ್ತಿತ್ತು, ಸಂಜೆ ಮೇಲಕ್ಕೆ ಹರಿಯುತ್ತಿತ್ತು. ಹೋದವರು ಹೋದ ನೀರಲ್ಲೇ ವಾಪಸ್ ಬರುತ್ತಿದ್ದರು. ಅದಕ್ಕೇ ಯಾರನ್ನು ಕಳಿಸುವಾಗಲೂ ಯಾರೂ ಅಳುತ್ತಿರಲಿಲ್ಲ.

ಹೊಳೆಯ ದಂಡೆಯಲ್ಲಿ ಹೊಳೆಮತ್ತಿ ಮರ. ದೂರದ ಬೆಟ್ಟದಲ್ಲಿ ಅದರ ಅಣ್ಣ, ಮತ್ತಿಮರ. ಇಬ್ಬರಿಗೂ ಒಂದೇ ಥರದ ತೊಗಟೆ. ಕರ್ರಗೆ, ದಪ್ಪಗೆ, ಮೊಸಳೆ ಬೆನ್ನಿನ ಹಾಗೆ ಬಿರುಕು ಬಿರುಕು. ಅದೇ ಅವರ ಅಂಗಿ, ಅದೇ ಕಂಬಳಿ, ಅದೇ ಜಂಬ.

ಹೊಳೆಮತ್ತಿಯ ಪಕ್ಕದಲ್ಲೇ ಸಾಕಿಯ ಮನೆ. ಸಾಕಿಗೆ ಒಂದು ಹುಚ್ಚು. ತೊಗಟೆ ಕಂಡರೆ ಸಾಕು, ಚೂರಿ ತೆಗೆದು ಏನಾದರೂ ಕೆತ್ತಬೇಕು. ಉಬ್ಬುಹಲ್ಲಿನ ಊರಗೌಡನನ್ನು ಕೆತ್ತಿದಳು. ಪೇಟ ಸುತ್ತಿಕೊಂಡ ಮೀನು ಕೆತ್ತಿದಳು. ಕಿಟಕಿಯಿಂದ ನಾಲಿಗೆ ಚಾಚುವ ಮನೆ ಕೆತ್ತಿದಳು. ಆಗಾಗ ಹೊಳೆಮತ್ತಿಯ ಬೆನ್ನಿಂದಲೂ ಒಂದು ಚೂರು ಕಿತ್ತುಕೊಳ್ಳುತ್ತಿದ್ದಳು.

“ಲೇ ಸಾಕಿ! ಮೈಮೇಲಿನ ಅಂಗಿ ಹರೀತೀಯಲ್ಲೇ, ನಾಚಿಕೆ ಆಗಲ್ವಾ?”

“ಒಂದು ಗುಂಡಿಯಷ್ಟೇ ಮತ್ತಣ್ಣ. ಅಷ್ಟಕ್ಕೆ ಶೀತ ಆಗಲ್ಲ ನಿಂಗೆ.”

ಕೆತ್ತಿದ್ದನ್ನೆಲ್ಲ ಸಾಕಿ ತೋರಿಸುತ್ತಿದ್ದುದು ಒಬ್ಬಳಿಗೇ, ಅಕ್ಕ ಚೆನ್ನಿಗೆ. ಅವರ ಮನೆಯ ಬಾಗಿಲು ಗಿಡ್ಡ, ಚೆನ್ನಿ ಉದ್ದ. ನೋಡಿ ನಗುತ್ತಾ ನಗುತ್ತಾ ಒಳಗೆ ಹೋಗುವಳು, ಬಾಗಿಲಿಗೆ ತಲೆ ಹೊಡೆಸಿಕೊಳ್ಳುವಳು. “ಅಯ್ಯಪ್ಪೋ!” ದಿನಾ ಅದೇ ಬಾಗಿಲು, ದಿನಾ ಅದೇ “ಅಯ್ಯಪ್ಪೋ!” ಬಗ್ಗೋದು ಮಾತ್ರ ಕಲಿಯಲಿಲ್ಲ.

ಚೆನ್ನಿಯನ್ನು ಹೊಳೆಯ ಕೆಳಗಿನ ಊರಿಗೆ ಮದುವೆ ಮಾಡಿಕೊಟ್ಟರು. ಯಾರೂ ಅಳಲಿಲ್ಲ. ಯಾಕೆ ಅಳಬೇಕು?

“ಸಂಜೆ ನೀರಿಗೆ ಬಂದು ಹೋಗ್ತೀನಿ ಕಣೇ. ಹೊಸದೇನಾದ್ರೂ ಕೆತ್ತಿಟ್ಟಿರು,” ಅಂದಳು ಚೆನ್ನಿ. ಹರಿಗೋಲು ತಿರುಗುತ್ತಾ ತಿರುಗುತ್ತಾ ಹೋಯಿತು.

ಅವತ್ತೇ ಹೊಳೆ ಮೊದಲ ಸಲ ಸಮುದ್ರ ನೋಡಿದ್ದು. ಸಂಜೆಯಾಯಿತು, ಹೊಳೆ ಮೇಲಕ್ಕೆ ತಿರುಗಲಿಲ್ಲ. ಮಾರನೇ ಸಂಜೆಯೂ ತಿರುಗಲಿಲ್ಲ. ಅಕ್ಕನಿಗೆ ಎತ್ತಿಟ್ಟ ಮುದ್ದೆ ತಣ್ಣಗಾಗಿ ಕಲ್ಲಾಯಿತು.

ಸಾಕಿ ನೀರಿಗಿಳಿದು ಕೇಳಿದಳು. “ಹೊಳೆವ್ವಾ, ಹಿಂದಕ್ಕೆ ಹರಿಯೋದು ಮರೆತುಬಿಟ್ಟೆಯಾ?”

“ಸಮುದ್ರ ನೋಡಿಬಿಟ್ಟೆ ಮಗಳೇ. ಇನ್ನು ಕಾಲು ಹಿಂದಕ್ಕೆ ಬರಲ್ಲ.”

“ನಮ್ಮಕ್ಕ?”

“ದಂಡೆ ಮೇಲೆ ಕೂತು ಈ ಕಡೆನೇ ನೋಡ್ತಿದ್ದಳು.”

ದಂಡೆಗುಂಟ ನಡೆದು ಹೋಗೋಣ ಅಂದರೆ ದಾರಿ ಇನ್ನೂ ಹುಟ್ಟಿರಲಿಲ್ಲ, ಬರೀ ಕೆಸರು, ಮುಳ್ಳು. “ನಾನೇ ನಿನ್ನ ಜೊತೆ ಬರಲಾ?” ಅಂದಳು ಸಾಕಿ.

“ಬಾ. ವಾಪಸ್ ಕಳಿಸೋದು ನನ್ನ ಕೈಲಿಲ್ಲ. ಆಮೇಲೆ ನಿಮ್ಮವ್ವ ಇಬ್ಬರಿಗೂ ಕಾಯಬೇಕಾಗುತ್ತೆ.”

ಸಾಕಿ ದಂಡೆಯಲ್ಲಿ ಕೂತು ಯೋಚಿಸಿ, ಕೇಳಿದಳು. “ಅಕ್ಕ ತವರಿಗೆ ಬರೋಕಾಗಲ್ಲ. ತವರನ್ನೇ ಅಕ್ಕನ ಹತ್ತಿರ ಕಳಿಸಿದರೆ ಒಯ್ಯುತ್ತೀಯಾ?”

“ಹಗುರ ಇದ್ದರೆ ಒಯ್ಯುತ್ತೀನಿ. ಭಾರ ಹೊರಲ್ಲ.”

ಸಾಕಿ ಕಲ್ಲಿನಲ್ಲಿ ಮನೆ ಮಾಡಿದಳು, ಮುಳುಗಿತು. ಮಣ್ಣಲ್ಲಿ ಮಾಡಿದಳು, ಕರಗಿತು. ಎಲೆಯಲ್ಲಿ ಮಾಡಿದಳು, ಗಾಳಿ ಎತ್ತಿಕೊಂಡು ಓಡಿತು. ಕೊನೆಗೆ ಹೊಳೆಮತ್ತಿಯ ಮುಂದೆ ನಿಂತಳು.

“ಮತ್ತಣ್ಣಾ, ಈ ಸಲ ಗುಂಡಿಯಷ್ಟು ಸಾಲದು. ಪೂರಾ ಅಂಗಿ ಬೇಕು.”

“ಅಂದರೆ ನಾನು ಬೆತ್ತಲೆ ನಿಲ್ಲಬೇಕಾ? ಕಪ್ಪೆಗಳ ಮುಂದೆ? ಹೋಗೇ!”

“ಅಕ್ಕನ್ನ ನೋಡದೆ ಇರೋಕಾಗ್ತಿಲ್ಲ ಮತ್ತಣ್ಣ.”

ಮರ ಕೊಂಬೆ ಬಗ್ಗಿಸಿ ಮೆಲ್ಲಗೆ ಕೇಳಿತು. “ಬೆಟ್ಟದಲ್ಲಿ ನಮ್ಮಣ್ಣ ಇದ್ದಾನಂತೆ. ಬೀಜವಾಗಿದ್ದಾಗ ಒಂದೇ ಗಾಳಿಯಲ್ಲಿ ಹಾರಿದ್ದೆವು. ಆಮೇಲೆ ನೋಡಿಲ್ಲ. ಅವನನ್ನು ಕೆತ್ತಿ ತೋರಿಸ್ತೀಯಾ?”

ಸಾಕಿ ಬೆಟ್ಟ ಹತ್ತಿದಳು. ಮತ್ತಿಮರದ ಸುತ್ತ ಸುತ್ತಿ ನೋಡಿದಳು. ಅದೇ ಮರ ಕೊಟ್ಟ ಚೂರಲ್ಲಿ ಅದನ್ನೇ ಕೆತ್ತಿ, ತಂದು, ಹೊಳೆಮತ್ತಿಯ ಕೊಂಬೆಗೆ ಕಟ್ಟಿದಳು. ಮರ ನೋಡಿತು, ನೋಡಿತು, ನೋಡುತ್ತಲೇ ಇತ್ತು.

“ಇದೇನೇ ಸಾಕಿ, ಅಣ್ಣನಿಗೆ ಹೊಟ್ಟೆ ಬಂದಿದೆ!”

“ಬೇಸಿಗೆಗೆ ಅಂತ ನೀರು ಕೂಡಿಟ್ಟುಕೊಂಡಿದ್ದಾನೆ. ಅವನಿಗೆ ಹೊಳೆ ಎಲ್ಲಿದೆ ಪಾಪ.”

ಹೊಳೆಮತ್ತಿ ಗಹಗಹಿಸಿ ನಕ್ಕಿತು. ನಕ್ಕ ರಭಸಕ್ಕೆ ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿತು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ, ಉಳಿದ ತೊಗಟೆಯೂ ಉದುರಿತು. ನುಣ್ಣಗೆ, ಬೆಳ್ಳಗೆ ನಿಂತ ಮರ ನೋಡಿ ಕಪ್ಪೆಗಳು ಕಿಸಕ್ಕಂದವು.

“ನಗ್ರೋ ನಗ್ರಿ,” ಅಂದಿತು ಮರ. “ನಾನೀಗ ನಮ್ಮಣ್ಣನ್ನ ನೋಡಿದೀನಿ.”

ಸಾಕಿ ತವರು ಕೆತ್ತಿದಳು. ಅಕ್ಕನಿಗೆ ಕಳಿಸುವುದಲ್ವಾ, ಎಲ್ಲ ಚೆಂದವೇ ಇರಲಿ ಅಂತ ಬಾಗಿಲು ಎತ್ತರ ಮಾಡಿದಳು. ಸೊಟ್ಟ ಗೋಡೆ ನೆಟ್ಟಗೆ ಮಾಡಿದಳು. ಅವ್ವನ ಮುಖದಲ್ಲಿ ನಗು ಇಟ್ಟಳು. ಮೇಕೆಗೆ ಕೊರಳಮಾಲೆ ಹಾಕಿದಳು. ನೀರಿಗೆ ಬಿಡುವ ಮುಂಚೆ ಅವ್ವನಿಗೆ ತೋರಿಸಿದಳು.

ಅವ್ವ ತಿರುಗಿಸಿ ಮುರುಗಿಸಿ ನೋಡಿದಳು. “ಚೆನ್ನಾಗಿದೆ. ಯಾರ ಮನೆಯೇ ಇದು?”

“ನಮ್ಮದೇ ಅವ್ವಾ!”

“ನಾನು ಯಾವತ್ತೇ ಹಿಂಗೆ ಹಲ್ಲು ಕಿರಿದಿದ್ದೆ? ಈ ಬಾಗಿಲಲ್ಲಿ ನಿಮ್ಮಕ್ಕ ತಲೆ ಎಲ್ಲಿ ಹೊಡೆಸ್ಕೋತಾಳೆ? ಇದು ಕಂಡರೆ ಅವಳು ಪಕ್ಕದೂರಿನದು ಅಂತ ಮುಂದಕ್ಕೆ ತಳ್ತಾಳೆ.”

ಸಾಕಿ ಹೊಸದು ಕೆತ್ತಲು ಚೂರಿ ತೆಗೆದಳು. ತೊಗಟೆಯೆಲ್ಲ ಮುಗಿದಿತ್ತು.

“ಕಾದಿರು,” ಅಂದಿತು ಹೊಳೆಮತ್ತಿ. “ಮತ್ತೆ ಬೆಳೆಸಿ ಕೊಡ್ತೀನಿ.”

ಒಂದು ಮಳೆಗಾಲ ಹೋಯಿತು, ಒಂದು ಚಳಿಗಾಲ ಹೋಯಿತು. ಬಿಸಿಲು ಬಂತು, ಮರ ಅಂಗಿ ಬಿಚ್ಚಿತು. ಸಾಕಿ ಈ ಸಲ ಇದ್ದದ್ದು ಇದ್ದ ಹಾಗೆ ಕೆತ್ತಿದಳು. ಗಿಡ್ಡ ಬಾಗಿಲು, ಸೊಟ್ಟ ಗೋಡೆ, ಮುಖ ಊದಿಸಿಕೊಂಡ ಅವ್ವ, ಅಕ್ಕನ ಹಳೇ ಸೀರೆಯ ಸೆರಗು ಮೇಯುತ್ತಿರುವ ಮೇಕೆ. ಬಾಗಿಲ ಪಕ್ಕ ನಾಲಿಗೆ ಚಾಚಿ ನಿಂತ ಸಾಕಿ. ಎಲ್ಲವನ್ನೂ ಒಂದು ದೊಡ್ಡ ಚಕ್ಕೆಯ ಮೇಲೆ ಕೂರಿಸಿ ನೀರಿಗೆ ಬಿಟ್ಟಳು. ಮನೆಗೆ ಮನೆಯೇ ಹೊರಟಿತು. ಒಗಟಿನ ಉತ್ತರ ಸಿಕ್ಕಿತಲ್ಲ?

“ಹೊಳೆವ್ವಾ, ಅಕ್ಕನಿಗೆ ತಲುಪಿತಾ?”

ಅಕ್ಕನನ್ನು ಕಂಡ ನೀರು, ಮನೆ ಒಯ್ದ ನೀರು ಎರಡೂ ಆಗಲೇ ಮುಂದೆ ಹೋಗಿದ್ದವು. ಹಿಂದಿನಿಂದ ಬಂದ ಹೊಸ ನೀರಿಗೆ ಏನೂ ಗೊತ್ತಿರಲಿಲ್ಲ.

ಎಲ್ಲೋ ಬಂಡೆಗೆ ಸಿಕ್ಕಿಕೊಂಡಿರಬಹುದು ಅಂತ ಮರುವರ್ಷ ಮತ್ತೊಂದು ಬಿಟ್ಟಳು. ಮೇಕೆ ಮರಿ ಹಾಕಿತು, ಮರಿಯನ್ನೂ ಕೆತ್ತಿದಳು. ಅವ್ವನ ಬೆನ್ನು ಬಾಗಿತು, ಬಾಗಿಸಿಯೇ ಕೆತ್ತಿದಳು. ಬಾಗಿಲು ಮಾತ್ರ ಅಷ್ಟೇ ಗಿಡ್ಡ. ಮರ ಕೊಡುತ್ತಿತ್ತು, ಸಾಕಿ ಕೆತ್ತುತ್ತಿದ್ದಳು, ಹೊಳೆ ಒಯ್ಯುತ್ತಿತ್ತು.

ಒಂದು ಸಂಜೆ ಮೂಡಗಾಳಿ ಬಂತು. ಮೂಡಗಾಳಿ ಕೆಳಗಿನ ಊರಿಂದ ಮೇಲಕ್ಕೆ ಬೀಸುವ ಗಾಳಿ, ಭಾರದ್ದೇನೂ ತರಲಾರದು. ಸಾಕಿಯ ಕಿವಿಯ ಹತ್ತಿರ ಬಂದು ಒಂದೇ ಒಂದು ಮಾತು ಇಳಿಸಿತು.

“ಅಯ್ಯಪ್ಪೋ!”

ಆ ಪುಟ್ಟ ಬಾಗಿಲಲ್ಲಿ ಇಣುಕಲು ಹೋಗಿ ಅಕ್ಕ ತಲೆ ಹೊಡೆಸಿಕೊಂಡಿದ್ದಳು. ಸಾಕಿ ದಂಡೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಒಳಗಿಂದ ಅವ್ವ, “ಯಾರೇ ಅದು, ಚೆನ್ನಿನಾ?” ಅಂದಳು.

ಅದಕ್ಕೇ ಇವತ್ತಿಗೂ ಬೆಟ್ಟದ ಮತ್ತಿ ಮೊಸಳೆ ಅಂಗಿ ತೊಟ್ಟು, ಹೊಟ್ಟೆ ಬಿಟ್ಟುಕೊಂಡು ನಿಂತಿರುತ್ತದೆ. ಹೊಳೆದಂಡೆಯ ಹೊಳೆಮತ್ತಿ ನುಣ್ಣಗೆ, ಬೆಳ್ಳಗೆ, ಕಾಲಬುಡದಲ್ಲಿ ತೊಗಟೆ ಉದುರಿಸಿಕೊಂಡು ನಿಂತಿರುತ್ತದೆ. ಚಕ್ಕೆ ಎತ್ತಿ ನೋಡಿ, ಒಂದಲ್ಲ ಒಂದು ಮೇಕೆಯ ಹಾಗೇ ಇರುತ್ತದೆ.

ಇನ್ನೊಂದು ಮಾತು. ಮೂಡಗಾಳಿ, “ಅಯ್ಯಪ್ಪೋ”, ಅದೆಲ್ಲ ನಾನು ಕಟ್ಟಿದ್ದು. ನನಗೆ ಈ ಕಥೆ ಹೇಳಿದವರು ಸಾಕಿ ಕೆತ್ತುತ್ತಾ ಕೂತಲ್ಲಿಗೇ ಕಥೆ ನಿಲ್ಲಿಸಿದ್ದರು, ನನಗೆ ತಡೆಯಲಾಗಲಿಲ್ಲ. ನೀವು ನಂಬಿದಿರಿ, ಅಲ್ವಾ? ಹೊಳೆಮತ್ತಿ ನಂಬಿಲ್ಲ. ಚೆನ್ನಿಯ ಉತ್ತರ ಬಂದೇಬಿಟ್ಟಿದ್ದರೆ ಅದು ವರ್ಷ ವರ್ಷವೂ ಅಂಗಿ ಬಿಚ್ಚಿ ಯಾಕೆ ಕೊಡುತ್ತಿತ್ತು?