ಮಂತ್ರಿಯ ಕಾಯಿ

"ಬುದ್ಧಿ, ಕತೆಯೇ ಗೊತ್ತಿಲ್ಲದವನಿಗೆ ಹಾಡಿನ ಸುಖ ಸಿಗುವುದುಂಟೇ?" ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಅವನು ಹನ್ನೊಂದು ವರ್ಷದಿಂದ ಮಠದಲ್ಲಿ ಓದುತ್ತಿದ್ದ ಶಿಷ್ಯ. ಪ್ರಶ್ನೆ ತತ್ತ್ವದ್ದೆಂಬಂತೆ ಕೇಳಿದ್ದ, ಆದರೆ ಹೊಟ್ಟೆಯೊಳಗಿದ್ದದ್ದು ಬೇರೆ. ಗುರುಗಳು ಅವನನ್ನೇ ನೋಡುತ್ತಾ ಕುಳಿತರು. ಕೊನೆಗೆ ಅವನೇ ಬಾಯಿಬಿಟ್ಟ. ಮೂರು ತಿಂಗಳ ಹಿಂದೆ ಅಡುಗೆಮನೆಗೆ ಒಬ್ಬ ಹೊಸಬ ಸೇರಿದ್ದಾನೆ. ಒಂದು ಪುರಾಣ ಓದಿದವನಲ್ಲ. ಹಾಡಿನಲ್ಲಿ ಬರುವ ಶರಣರು ಯಾರು, ಅವರಿಗೆ ಏನಾಯಿತು, ಯಾವುದೂ ಅವನಿಗೆ ತಿಳಿಯದು. ಆದರೂ ಸಂಜೆಯ ಭಜನೆಗೆ ಬಂದು ಕೂರುತ್ತಾನೆ, ತಲೆದೂಗುತ್ತಾನೆ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ. ಇದು ನಾಟಕವಲ್ಲದೆ ಇನ್ನೇನು? ತಮ್ಮ ಕಣ್ಣಿಗೆ ಬೀಳಲೆಂದೇ ಮಾಡುತ್ತಿದ್ದಾನೆ. ಇನ್ನು ಮುಂದೆ ಭಜನೆಗೆ ಬರಬೇಡವೆಂದು ತಾವು ಅವನಿಗೆ ಹೇಳಬೇಕು.

ಗುರುಗಳು ಒಂದು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನಿಗೆ ಇಬ್ಬರು ಗೆಳೆಯರು. ಒಬ್ಬ ದರ್ಜಿ, ಇನ್ನೊಬ್ಬರು ನಿವೃತ್ತರಾದ ಮೇಷ್ಟ್ರು. ಮೂವತ್ತು ವರ್ಷದ ಗೆಳೆತನ. ಆ ಕಾಲಕ್ಕೆ ಟಿ.ವಿ.ಯಲ್ಲಿ ಅರಮನೆಯ ಒಂದು ಧಾರಾವಾಹಿ ಬರುತ್ತಿತ್ತು. ನಾಲ್ಕು ವರ್ಷ ಎಳೆದರು. ಮೂವರೂ ಒಂದು ದಿನ ತಪ್ಪಿಸಿದವರಲ್ಲ. ಅದರಲ್ಲಿ ಒಬ್ಬ ಮಂತ್ರಿ, ರಾಜನ ಅನ್ನ ತಿಂದು ರಾಜನ ಬೊಕ್ಕಸಕ್ಕೇ ಕನ್ನ ಹಾಕಿದವನು. ಬಳೆ ವ್ಯಾಪಾರಿಗೆ ಅವನನ್ನು ಬೈಯದೆ ಊಟ ಸೇರುತ್ತಿರಲಿಲ್ಲ.

ಧಾರಾವಾಹಿ ಮುಗಿದ ಮೇಲೆ ಅದರದೇ ಹೆಸರಿನ ಒಂದು ಆಟ ಅಂಗಡಿಗೆ ಬಂತು. ರಟ್ಟಿನ ಹಲಗೆಯ ಮೇಲೆ ಅರಮನೆಯ ಚಿತ್ರ. ರಾಜ, ರಾಣಿ, ಸೇನಾಪತಿ, ಮಂತ್ರಿ ಎಂದು ನಾಲ್ಕು ಕಾಯಿ, ಒಂದು ದಾಳ, ನಾಲ್ಕು ಚೀಟಿ. ಒಂದೇ ಒಂದು ಚೀಟಿಯಲ್ಲಿ ಕಳ್ಳ ಎಂದು ಬರೆದಿರುತ್ತದೆ. ನಾಲ್ವರೂ ದಾಳ ಹಾಕಿ ಕಾಯಿಗಳನ್ನು ಬೊಕ್ಕಸದಿಂದ ಹೆಬ್ಬಾಗಿಲಿಗೆ ನಡೆಸುತ್ತಾರೆ; ಆ ಚೀಟಿ ಬಂದವನು ಬಾಯಿ ಮುಚ್ಚಿಕೊಂಡು ಅವರ ನಡುವೆಯೇ ಬಾಗಿಲು ದಾಟಬೇಕು. ಅವನು ಬಾಗಿಲು ದಾಟುವುದರೊಳಗೆ ಕಳ್ಳ ಯಾರೆಂದು ಉಳಿದವರು ಹೇಳಬೇಕು. ತಪ್ಪಾಗಿ ಯಾರ ಮೇಲಾದರೂ ಕಳ್ಳತನ ಹೊರಿಸಿದರೆ ಆ ಬಡಪಾಯಿ ಆಟದಿಂದ ಹೊರಗೆ. ಕಾಯಿಗೂ ಚೀಟಿಗೂ ಸಂಬಂಧವಿಲ್ಲ. ರಾಜನ ಕಾಯಿ ಹಿಡಿದವನೂ ಕಳ್ಳನಾಗಬಹುದು.

ಆಟಕ್ಕೆ ನಾಲ್ಕು ಜನ ಬೇಕು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಹಾಸಿಗೆ ಹೊಲಿಯುವವನನ್ನು ಕರೆದರು. ಅವನು ಊರೂರು ತಿರುಗಿ, ಕಂಡವರ ಮನೆಯ ಅಂಗಳದಲ್ಲಿ ಹತ್ತಿ ಹಿಂಜಿ ಬದುಕಿದವನು. ಧಾರಾವಾಹಿ ನೋಡಿರಲಿಲ್ಲ. ಹಾಗೆಂದು ಮೊದಲೇ ಹೇಳಿದ. ಮೂವರಿಗೂ ಅಯ್ಯೋ ಅನ್ನಿಸಿತು.

ಮಂಗಳವಾರ ಪೇಟೆಗೆ ರಜೆ. ಅಂದು ಮಧ್ಯಾಹ್ನ ಬಳೆ ಅಂಗಡಿಯ ಜಗಲಿಯ ಮೇಲೆ ಆಟ. ಮಂತ್ರಿಯ ಕಾಯಿಯನ್ನು ಮುಟ್ಟಲು ಮೂವರಲ್ಲಿ ಯಾರಿಗೂ ಮನಸ್ಸಿಲ್ಲ. ಅದನ್ನು ಹೊಸಬನ ಮುಂದೆ ಇಟ್ಟರು. ದಾಳ ಎರಡು ಸುತ್ತು ಬಂದಿರಲಿಲ್ಲ, ಬಳೆ ವ್ಯಾಪಾರಿ, "ಮಂತ್ರಿಯೇ ಕಳ್ಳ, ಇನ್ಯಾರು" ಎಂದ. ಹಾಸಿಗೆಯವನು ಚೀಟಿ ಬಿಚ್ಚಿ ತೋರಿಸಿದ. ಖಾಲಿ. ಅವನು ನಗುತ್ತಾ ಹಿಂದೆ ಸರಿದು, ಉಳಿದವರ ಆಟವನ್ನು ಕಣ್ಣರಳಿಸಿ ನೋಡುತ್ತಾ ಕುಳಿತ. ಮುಂದಿನ ವಾರವೂ ಹಾಗೆಯೇ ಆಯಿತು, ಅದರ ಮುಂದಿನ ವಾರವೂ. ವ್ಯಾಪಾರಿಗೆ ಬುದ್ಧಿ ಬಂತೆಂದುಕೊಂಡೆಯಾ? ನಾಲ್ಕು ವರ್ಷ ಬೈದ ನಾಲಿಗೆ ಅದು.

ಐದನೆಯ ವಾರ ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಹಾಸಿಗೆಯವನು ಮೆಲ್ಲಗೆ, "ಕಳ್ಳ ದರ್ಜಿಯಣ್ಣ" ಎಂದ. ನಿಜವಾಗಿತ್ತು. ಮರುವಾರ, "ಈ ಸಲ ಸಾವ್ಕಾರ್ರು" ಎಂದು ವ್ಯಾಪಾರಿಯತ್ತ ಕೈ ತೋರಿದ. ಅದೂ ನಿಜವಾಗಿತ್ತು.

ವ್ಯಾಪಾರಿಯ ತಲೆಗೆ ಅಂದೇ ಹುಳ ಹೊಕ್ಕಿತು. ಕತೆ ಗೊತ್ತಿದ್ದ ನಾವು ಸೋಲುತ್ತೇವೆ, ಕತೆ ಗೊತ್ತಿಲ್ಲದವನು ಗೆಲ್ಲುತ್ತಾನೆ. ಅದೂ ಇಷ್ಟು ಖುಷಿಯಾಗಿ! ಇದರಲ್ಲಿ ಏನೋ ಇದೆ. ಚೀಟಿಗೆ ಗುರುತು ಮಾಡಿರಬೇಕೆಂದುಕೊಂಡು, ಬಳೆ ಸುತ್ತುವ ಕಾಗದದಲ್ಲಿ ತಾನೇ ಹೊಸ ಚೀಟಿ ಕತ್ತರಿಸಿ ತಂದ. ಆದರೂ ಹಾಸಿಗೆಯವನು ಗೆದ್ದ. ಧಾರಾವಾಹಿಯನ್ನು ಕದ್ದು ನೋಡಿರಬೇಕೆಂದುಕೊಂಡು, ಅದರಲ್ಲಿ ಇಲ್ಲದ್ದನ್ನು ಹುಟ್ಟಿಸಿ ಕೇಳಿದ: "ರಾಣಿಯ ತಮ್ಮ ಬಾವಿಗೆ ಬಿದ್ದಾಗ ನಿನಗೆ ಏನನ್ನಿಸ್ತಪ್ಪ?" ಹಾಸಿಗೆಯವನು ಗಾಬರಿಯಿಂದ, "ಬದುಕಿಕೊಂಡನಾ?" ಎಂದ. ಎಂಥ ನಟ, ಎಂದುಕೊಂಡ ವ್ಯಾಪಾರಿ.

ಹೀಗೆ ಹುಡುಕುವವನ ಕಣ್ಣಿಗೆ ಏನಾದರೂ ಒಂದು ಬಿದ್ದೇ ಬೀಳುತ್ತದೆ. ಅವನಿಗೆ ಮೇಷ್ಟ್ರ ಬಲಗೈ ಕಂಡಿತು. ತೊಡೆಯ ಮೇಲಿಟ್ಟ ಕೈಯ ಬೆರಳುಗಳು ಅಲ್ಲಾಡುತ್ತಿದ್ದವು. ನಿಂತವು, ಮತ್ತೆ ಅಲ್ಲಾಡಿದವು. ಹಾಸಿಗೆಯವನ ನೋಟ ಆ ಕೈಯ ಮೇಲೇ ಇತ್ತು. ಸನ್ನೆ! ಮೂವತ್ತು ವರ್ಷದ ಗೆಳೆಯ, ನಿನ್ನೆ ಮೊನ್ನೆ ಬಂದವನ ಜೊತೆ ಸೇರಿ ತನ್ನನ್ನು ಮೂರ್ಖನನ್ನಾಗಿ ಮಾಡುತ್ತಿದ್ದಾನೆ.

ಆ ವಾರವೆಲ್ಲ ವ್ಯಾಪಾರಿಗೆ ಅನ್ನ ರುಚಿಸಲಿಲ್ಲ. ಬಳೆ ತೊಡಿಸುವಾಗ ಮನಸ್ಸು ಎಲ್ಲೋ ಇರುತ್ತಿತ್ತು, ಬಳೆ ಒಡೆಯುತ್ತಿದ್ದವು. ಮೇಷ್ಟ್ರು ಎಂದೋ ಆಡಿದ್ದ ಮಾತುಗಳನ್ನೆಲ್ಲ ಕೆದಕಿ ಕೆದಕಿ ನೋಡಿದ. ಒಂದೊಂದರಲ್ಲೂ ಮೋಸ ಕಂಡಿತು. ದರ್ಜಿಗೂ ಹೇಳಿದ. ಮುಂದಿನ ಮಂಗಳವಾರ ಆ ಕೈಯನ್ನು ಹಿಡಿದು ನಾಲ್ಕು ಜನರೆದುರು ಮಾನ ಕಳೆಯುತ್ತೇನೆ, ಇನ್ನು ನನ್ನ ಜಗಲಿ ಹತ್ತಬೇಡ ಎನ್ನುತ್ತೇನೆ ಎಂದ. ಮೂವತ್ತು ವರ್ಷದ ಗೆಳೆತನಕ್ಕೆ ಉಳಿದಿದ್ದು ಆರು ದಿನ.

ಮಂಗಳವಾರ ಬಂತು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ವ್ಯಾಪಾರಿ ತಡೆಯಲಾರದೆ ಹಾಸಿಗೆಯವನನ್ನೇ ಹಿಡಿದುಕೊಂಡ. "ನಿಜ ಹೇಳು. ಕಳ್ಳ ಯಾರು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ನೀವೆಲ್ಲ ಮಂತ್ರಿ ಕಾಯಿಯನ್ನೇ ನೋಡ್ತಾ ಇರ್ತೀರಿ ಸಾವ್ಕಾರ್ರೆ. ನನಗೆ ಅವನು ಯಾರೋ ಏನೋ, ಅದಕ್ಕೇ ನಾನು ನಿಮ್ಮನ್ನ ನೋಡ್ತೀನಿ. ಆ ಚೀಟಿ ಬಂದ್ರೆ ದರ್ಜಿಯಣ್ಣ ಕಾಲು ಮಡಚಿಕೊಳ್ತಾರೆ. ನೀವು ಎಲ್ಲರಿಗೂ ಕೇಳದೇನೇ ಎಲೆ ಅಡಿಕೆ ಕೊಡ್ತೀರಿ."

"ಮತ್ತೆ ಮೇಷ್ಟ್ರ ಬೆರಳಿನ ಸನ್ನೆ?"

ಹಾಸಿಗೆಯವನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಸನ್ನೆ ಅಲ್ಲ ಸಾವ್ಕಾರ್ರೆ. ಅವರ ಕೈ ನಡುಗುತ್ತೆ. ನಾನೂ ಮೊದಲು ಚೀಟಿಯಿಂದ ಅಂದ್ಕೊಂಡೆ. ಚೀಟಿ ಬಂದ್ರೂ ನಡುಗುತ್ತೆ, ಬರದಿದ್ರೂ ನಡುಗುತ್ತೆ. ಸುಮ್ನೆ ಇಟ್ಟುಕೊಂಡಾಗ ಜಾಸ್ತಿ. ಎರಡು ತಿಂಗಳಾಯ್ತು. ನಿಮಗೆಲ್ಲ ಗೊತ್ತಿರುತ್ತೆ ಅಂತ ನಾನು ಮಾತೆತ್ತಲಿಲ್ಲ."

ಅಷ್ಟರಲ್ಲಿ ಮೇಷ್ಟ್ರು ಬಂದರು. ತಡವಾಯಿತೆಂದು ಹೇಳಿಕೊಂಡರು. ಅಂಗಿಯ ಮೇಲಿನ ಎರಡು ಗುಂಡಿ ಹಾಕಿರಲಿಲ್ಲ. ಕುಳಿತು, ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು. ವ್ಯಾಪಾರಿ ಎದ್ದು ಅವರ ಪಕ್ಕಕ್ಕೆ ಬಂದ. ಹಿಡಿದು ಜಾಡಿಸಬೇಕೆಂದಿದ್ದ ಕೈಯನ್ನು ಹಿಡಿದುಕೊಂಡ. ಅದು ಅವನ ಅಂಗೈಯೊಳಗೂ ನಡುಗುತ್ತಿತ್ತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಅಂದು ಆಟ ನಡೆಯಲಿಲ್ಲ. ನಾಲ್ವರೂ ಡಾಕ್ಟರ ಬಳಿಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರನಿಗೆ ಕತೆ ತಟ್ಟಿತ್ತು. ಆದರೆ ಅದು ಬಳೆ ವ್ಯಾಪಾರಿಗೆ ತಟ್ಟಬೇಕಾದದ್ದು ಎಂದು ಅವನಿಗೆ ಅನ್ನಿಸಿತು. "ಆ ವ್ಯಾಪಾರಿಗೆ ಕಣ್ಣಿದ್ದೂ ಕುರುಡು, ಬುದ್ಧಿ. ಮೂವತ್ತು ವರ್ಷ ಎದುರಿಗೆ ಕುಳಿತವರನ್ನು ನೋಡಲಿಲ್ಲವಲ್ಲ. ಆದರೆ ನಮ್ಮ ಹೊಸಬನ ಸಂಗತಿ ಬೇರೆ. ಮೂರು ತಿಂಗಳಿಂದ ದಿನಕ್ಕೆರಡು ಹೊತ್ತು ಅವನ ಕೈಯಿಂದಲೇ ಬಡಿಸಿಕೊಂಡು ಉಣ್ಣುತ್ತಿದ್ದೇನೆ. ಅವನನ್ನು ನಾನು ಚೆನ್ನಾಗಿ ನೋಡಿದ್ದೇನೆ."

ಗುರುಗಳು ಕೇಳಿದರು: "ಅವನ ಹೆಸರೇನು?"

ಚೆನ್ನವೀರ ಎದ್ದು, ಹೆಸರು ಕೇಳಿಕೊಂಡು ಬರಲು ಅಡುಗೆಮನೆಯ ಕಡೆ ನಡೆದ.