ಆರದ ಹಾಲು

ತಾಯಿ ತೀರಿಕೊಂಡ ಸುದ್ದಿ ಆಶ್ರಮದಲ್ಲಿದ್ದ ಅಡಿವೆಪ್ಪನಿಗೆ ತಲುಪುವ ಹೊತ್ತಿಗೆ ಮಣ್ಣು ಮಾಡಿ ಹದಿನೈದು ದಿನವಾಗಿತ್ತು. ಅಣ್ಣ ಕಲ್ಲಪ್ಪ ಹೇಳಿ ಕಳಿಸಿರಲೇ ಇಲ್ಲ.

ಅದೇ ಅಣ್ಣ ಈಗ ತಮ್ಮನನ್ನು ಕಾಣಲು ಮೂರನೇ ಸಲ ಆಶ್ರಮಕ್ಕೆ ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಅಡಿವೆಪ್ಪ ಅತ್ತ ತಿರುಗಿಯೂ ನೋಡದೆ ತನ್ನ ಗುರು ಗುರುಪಾದಜ್ಜನ ಬಳಿ ಹೋದ.

"ಅಜ್ಜಾರ, ಗುಡ್ಡದ ಗವಿಗೆ ಹೋಗಾಕ ಅಪ್ಪಣೆ ಕೊಡ್ರಿ. ಎದಿ ಕುದಿಯಾಕತ್ತೈತಿ. ಯಾರೂ ಇಲ್ಲದಲ್ಲಿ ಇದ್ದರ ತಾನ ಆರತೈತಿ."

"ಹಂಗಂತ ಯಾರು ಹೇಳಿದರು?"

"ನೀವ ಅಲ್ಲರಿ? ಚುಕ್ಕಿಗಳ ನಡುವಿನ ಬಯಲು ಎಲ್ಲಾದಕ್ಕಿಂತ ತಣ್ಣಗ ಐತಿ ಅಂದಿದ್ರಿ. ಅಲ್ಲಿ ಏನೂ ಇಲ್ಲ, ಅದಕ್ಕ ತಣ್ಣಗ."

ಗುರುಗಳು ಎದ್ದು ಒಲೆ ಹೊತ್ತಿಸಿದರು. ಹಾಲು ಕಾಯಿಸಿದರು. ಅರ್ಧವನ್ನು ಫ್ಲಾಸ್ಕಿಗೆ ಸುರಿದು ಮುಚ್ಚಿದರು. ಉಳಿದದ್ದನ್ನು ತಂಬಿಗೆಗೆ ಹಾಕಿ, ಕುತ್ತಿಗೆಮಟ್ಟ ಮುಳುಗುವಂತೆ ಹೊಳೆಯ ಕಲ್ಲುಗಳ ನಡುವೆ ತಾವೇ ಇಟ್ಟು ಬಂದರು.

ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ ಎರಡನ್ನೂ ಶಿಷ್ಯನ ಮುಂದಿಟ್ಟರು.

ಅಡಿವೆಪ್ಪ ಫ್ಲಾಸ್ಕಿನ ಮುಚ್ಚಳ ತೆಗೆದ. ಮುಖಕ್ಕೆ ಹಬೆ ಹೊಡೆಯಿತು. ತಂಬಿಗೆ ಮುಟ್ಟಿದ. ತಣ್ಣಗಿತ್ತು.

"ತಂಬಗಿ ತನ್ನ ಬಿಸಿನ ಹೊಳಿಗೆ ಕೊಟ್ಟು ಆರಿತು. ಫ್ಲಾಸ್ಕಿನ ಎರಡು ಗ್ವಾಡಿ ನಡುವ ಏನೈತಿ?" ಎಂದು ಗುರುಗಳು ಕೇಳಿದರು.

"ಏನೂ ಇಲ್ರಿ. ಗಾಳಿನೂ ತಗದಿರ್ತಾರ."

"ಮ್ಯಾಲಿನ ಬಯಲಾಗೂ ಅಷ್ಟ. ಬಿಸಿಲಿಗೆ ಬಿದ್ದ ಮಗ್ಗಲ ಸುಡತೈತಿ, ನೆರಳಿನ ಮಗ್ಗಲ ಹೆಪ್ಪುಗಟ್ಟತೈತಿ. ಎರಡನ್ನೂ ಸಮ ಮಾಡಾಕ ಗಾಳಿ ಇಲ್ಲ. ಕಾದದ್ದರ ಬಿಸಿ ಇಸಗೊಳ್ಳಾಕ ಯಾರೂ ಇಲ್ಲ. ಕಣ್ಣಿಗೆ ಕಾಣದ ಬೆಳಕಾಗಿ ಅದು ಚೂರು ಚೂರ ಹೊರಗ ಹೋಗಬೇಕು. ಭಾಳ ತಡ ಆಗತೈತಿ."

"ಎಷ್ಟು ತಡ ಆದರೂ ಆಗಲಿ, ಅಜ್ಜಾರ."

"ನಿಮ್ಮ ಅಣ್ಣಗ ಎಪ್ಪತ್ತು ದಾಟೇತಿ."

ಅಡಿವೆಪ್ಪನ ಕಣ್ಣು ತುಂಬಿ ಬಂತು. "ಅಂವ ನನಗ ಅವ್ವನ ಮುಖ ತೋರಿಸಲಿಲ್ಲ" ಎಂದ.

"ಹೌದು. ತೋರಿಸಲಿಲ್ಲ."

ಗುರುಗಳು ತಂಬಿಗೆಯನ್ನು ಅವನ ಕಡೆ ಸರಿಸಿದರು.

"ಮುಂಜಾನಿಂದ ಅಂವ ಏನೂ ತಿಂದಿಲ್ಲ. ಇದನ್ನ ಒಯ್ದು ಕೊಡು."

ಅಡಿವೆಪ್ಪ ಭಾರವಾದ ಹೆಜ್ಜೆ ಇಡುತ್ತಾ ಮೆಟ್ಟಿಲಿಳಿದ. ಅಣ್ಣ ತಲೆ ಎತ್ತಲಿಲ್ಲ. ಅಡಿವೆಪ್ಪ ಅವನ ಪಕ್ಕದ ಕಲ್ಲಿನ ಮೇಲೆ ತಂಬಿಗೆ ಇಟ್ಟು ತಿರುಗಿ ಬರೋಣವೆಂದು ಬಗ್ಗಿದ.

ಮೇಲಿನಿಂದ ಗುರುಗಳ ದನಿ ಕೇಳಿಸಿತು.

"ಕಲ್ಲಿನ ಮ್ಯಾಲ ಇಡಬ್ಯಾಡ, ಅಡಿವೆಪ್ಪ. ಅವನ ಕೈಯಾಗ ಕೊಡು."