ಚರ್ಚಿನ ಬಾಗಿಲ ದಿಮ್ಮಿ

"ಅಜ್ಜಾರ, ಸ್ವಲ್ಪ ಈ ಕಡಿ ಬರ್ರಿ. ಇದು ನಿಮ್ಮ ಹೊಟ್ಟ್ಯಾಗ ಇರಲಿ, ಯಾರ ಮುಂದೂ ಆಡಬ್ಯಾಡ್ರಿ," ಎಂದು ನಿಂಬೆವ್ವ ದನಿ ತಗ್ಗಿಸಿದಳು.

ಗುರುಗಳು ಕಿವಿಗೊಟ್ಟರು.

ಅದು ಫಿನ್‌ಲ್ಯಾಂಡಿನ ಒಂದು ಸಣ್ಣ ಊರು. ಸರೋವರದ ದಂಡೆಗೆ ಹಳೇ ಚರ್ಚು. ಗೋಡೆ, ಗೋಪುರ, ಛಾವಣಿ ಎಲ್ಲ ಬರೀ ಮರ. ಒಳಗೆ ಕಾಲಿಟ್ಟರೆ ಬಂಡಿಯ ಕೀಲೆಣ್ಣೆಯಂಥ ವಾಸನೆ.

ಆ ಊರಲ್ಲಿ ನರ್ಸ್ ಆಗಿರುವ ದಾಕ್ಷಾಯಣಿ ತನ್ನ ಕೂಸಿಗೆ ಲಿಂಗ ಕಟ್ಟಿಸಲೆಂದು ತವರೂರಿನಿಂದ ಮಠದ ಗುರುಗಳನ್ನೂ ತಾಯಿ ಕಾಶವ್ವನನ್ನೂ ಕರೆಸಿಕೊಂಡಿದ್ದಳು. ಕಾಶವ್ವನ ಪಕ್ಕದ ಮನೆಯ ನಿಂಬೆವ್ವ ಗುರುಗಳ ಹಳೇ ಶಿಷ್ಯೆ. ತಾನೂ ಬರುತ್ತೇನೆಂದು ಗಂಟುಬಿದ್ದು ಬಂದಿದ್ದಳು. ಲಿಂಗಧಾರಣೆ ಅಂದೇ ಸಂಜೆ.

ಕಾಶವ್ವ, ದಾಕ್ಷಾಯಣಿ ಕೂಸನ್ನೆತ್ತಿಕೊಂಡು ಚರ್ಚಿನ ಒಳಗೆ ಹೋಗಿದ್ದರು; ಗುರುಗಳು, ನಿಂಬೆವ್ವ ಬಾಗಿಲಲ್ಲೇ ಉಳಿದಿದ್ದರು.

"ದಾಕ್ಷಾಯಣಿಗೆ ಲಗ್ನಾನ ಆಗಿಲ್ರಿ! ಆ ಬಿಳಿ ಹುಡುಗನ ಜೋಡಿ ಹಂಗ ಇದ್ದಾಳ. ಮನಿ ತುಂಬ ಹುಡುಕೀನಿ, ಲಗ್ನದ್ದು ಒಂದ ಒಂದು ಫೋಟೊ ಇಲ್ಲ. ಅಂಥ ಕೂಸಿಗೆ ಲಿಂಗ ಕಟ್ಟತೀರೇನು? ನಾಳೆ ಊರಾಗ ಗೊತ್ತಾದ್ರ?"

"ಊರಾಗ ಯಾರು ಹೇಳ್ತಾರ?"

ನಿಂಬೆವ್ವ ಸೆರಗು ಸರಿಮಾಡಿಕೊಂಡಳು.

ಬಾಗಿಲ ಪಡಸಾಲೆಯಲ್ಲಿ ಒಂದು ದಪ್ಪ ದಿಮ್ಮಿಯಿತ್ತು, ಅದರಲ್ಲಿ ಕಾಲು ತೂರುವಷ್ಟು ತೂತುಗಳು, ಮೇಲೊಂದು ಎತ್ತಿಡುವ ಹಲಗೆ. ಹಿಂದಿನ ಕಾಲದಲ್ಲಿ ತಪ್ಪು ಮಾಡಿದವರನ್ನು ಅದರಲ್ಲಿ ಕಾಲು ಸಿಕ್ಕಿಸಿ ಕೂರಿಸುತ್ತಿದ್ದರಂತೆ. ಊರೆಲ್ಲ ನೋಡುತ್ತ ಒಳಗೆ ಹೋಗುತ್ತಿತ್ತಂತೆ. ಒಳಗೆ ಹೋಗುವ ಮುಂಚೆ ದಾಕ್ಷಾಯಣಿ ಹೇಳಿದ್ದಳು.

"ಇಂಥಾದ್ದು ನಮ್ಮೂರಾಗ ಇರಬೇಕಿತ್ತು ನೋಡ್ರಿ," ಎಂದಳು ನಿಂಬೆವ್ವ.

ಗುರುಗಳು ಬೂಟು ಕಳಚಿದರು. ಮೇಲಿನ ಹಲಗೆ ಎತ್ತಿ, ತೂತಿನಲ್ಲಿ ಕಾಲಿಟ್ಟು ಕೂತರು.

ಚರ್ಚು ನೋಡಲು ಬಂದವರು ನಿಂತು ದಿಟ್ಟಿಸಿದರು. ಒಬ್ಬಾಕೆ ಗಂಡನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

ನಿಂಬೆವ್ವನ ಮುಖ ಕೆಂಪಾಯಿತು. "ಏಳ್ರಿ ಅಜ್ಜಾರ! ಈ ಮುದುಕ ಏನು ಮಾಡ್ಯಾನೋ ಅಂತಾರ!"

"ಏನು ಮಾಡೀನಿ ಅಂತ ಅವರಿಗೆ ಹೇಳು."

"ನೀವೇನೂ ಮಾಡಿಲ್ಲ!"

"ನನ್ನ ಕೇಳಿ ಪಿಸುಗುಟ್ಟಿದ್ರೇನು ಅವರು?"

ಅಷ್ಟರಲ್ಲಿ ಕಾಶವ್ವ ಹೊರಗೆ ಬಂದಳು. ನೋಡಿದಳು. ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಕೂತು, ತಾನೂ ಒಂದು ತೂತಿನಲ್ಲಿ ಕಾಲಿಟ್ಟಳು.

"ನಾ ಏನು ತಪ್ಪು ಮಾಡೀನಿ ಅಂತ ನೀ ಕೇಳಲಿಲ್ಲಲ್ಲ ಯವ್ವಾ," ಎಂದರು ಗುರುಗಳು.

"ಒಬ್ಬರ ಕೂತಿದ್ರಲ್ರಿ."

ಗುರುಗಳು ಶಿಷ್ಯೆಯ ಕಡೆ ತಿರುಗಿದರು. "ಈಗ ಹೇಳು ನಿಂಬೆವ್ವ. ದಾಕ್ಷಾಯಣಿ ಕೂಸಿಗೆ ಲಿಂಗ ಕಟ್ಟಲೋ, ಬ್ಯಾಡೋ?"

ನಿಂಬೆವ್ವ ಗುರುಗಳ ಕಿವಿಗೆ ಏನು ಹಾಕಿದ್ದಾಳೆಂದು ಕಾಶವ್ವನಿಗೆ ತಿಳಿಯಿತು. ಅವಳ ಕೈ ದಿಮ್ಮಿಯನ್ನು ಬಿಗಿಯಾಗಿ ಹಿಡಿಯಿತು. ಒಳಗೆ ಕೂಸು ಅಳುತ್ತಿತ್ತು. ನಿಂಬೆವ್ವ ತಲೆ ತಗ್ಗಿಸಿ ನಿಂತಳು.

ಕಾಶವ್ವ ಕೈ ಸಡಿಲಿಸಿ, ಸ್ವಲ್ಪ ಸರಿದು, ನಿಂಬೆವ್ವನ ಮುಖ ನೋಡಿಯೇ ಹೇಳಿದಳು:

"ಎಷ್ಟೊತ್ತು ನಿಂದರ್ತಿ? ಇಲ್ಲಿ ಜಾಗ ಐತಿ, ಬಾ. ಸಂಜಿಗೆ ಲಿಂಗ ಕಟ್ಟೂವಾಗ ಕೂಸಿನ್ನ ತೊಡಿ ಮ್ಯಾಲ ಹಿಡಕೊಳ್ಳಾಕಿ ನೀನ."